ಹುಳುವಿನ ಮೈಯೊಳಗೆ ಎಷ್ಟು, ಮೈಮೇಲೆ ಎಷ್ಟು?

ಆಗಸ್ಟ್ ತಿಂಗಳು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಕ್ಲಾರ್ಕ್ ಫೋರ್ಕ್ ನದಿಯ ನೀರು ಮೊಣಕಾಲ ಮಟ್ಟಕ್ಕೆ ಇಳಿದಿದೆ. ಉದ್ದನೆಯ ರಬ್ಬರ್ ಬೂಟು ತೊಟ್ಟ ಇಬ್ಬರು ಮೂವರು ನಡುನೀರಿನಲ್ಲಿ ನಿಂತಿದ್ದಾರೆ. ಒಬ್ಬರು ತಳದ ಗುಂಡುಗಲ್ಲುಗಳನ್ನು ಕಾಲಿನಿಂದ ಕೆದಕುತ್ತಾರೆ, ಇನ್ನೊಬ್ಬರು ಹರಿವಿಗೆ ಅಡ್ಡಲಾಗಿ ನೈಲಾನ್ ಬಲೆ ಒಡ್ಡಿದ್ದಾರೆ. ಬಲೆಯನ್ನು ದಡದ ಮೇಲಿನ ಬಿಳಿ ತಟ್ಟೆಗೆ ಕೊಡವಿದರೆ ಎಲೆಚೂರು, ಮರಳು, ಅವುಗಳ ನಡುವೆ ಮಿಸುಕಾಡುವ ಹುಳುಗಳು. ಪ್ಲಾಸ್ಟಿಕ್ ಚಿಮುಟದಿಂದ ಒಂದೊಂದನ್ನೇ ಎತ್ತಿ, ಯಾವ ಬಗೆಯದೆಂದು ನೋಡಿ, ಬೇರೆ ಬೇರೆ ಡಬ್ಬಿಗೆ ಹಾಕುತ್ತಾರೆ. ಅರ್ಧ ಗಂಟೆ ಕಳೆಯುವುದರೊಳಗೆ ಡಬ್ಬಿಗಳು ಡ್ರೈ ಐಸ್ ಸೇರಬೇಕು.

ಈ ಹುಳುಗಳಿಗೆ ಕ್ಯಾಡಿಸ್ ಹುಳು ಎಂದು ಹೆಸರು. ಕಲ್ಲಿನ ಸಂದಿಯಲ್ಲಿ ಬಲೆ ನೇಯ್ದುಕೊಂಡು, ನೀರಿನಲ್ಲಿ ತೇಲಿ ಬಂದದ್ದನ್ನು ತಿಂದು ಬದುಕುತ್ತವೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 1980ರ ದಶಕದ ಮಧ್ಯದಿಂದಲೂ ಈ ನದಿಗೆ ಹುಳು ಹಿಡಿಯಲು ಬರುತ್ತಿದ್ದಾರೆ. ಕಾರಣ ನದಿಯ ಮೇಲ್ಭಾಗದಲ್ಲಿರುವ ಬ್ಯೂಟ್ ಮತ್ತು ಅನಕೊಂಡ ಪಟ್ಟಣಗಳು. ಅಲ್ಲಿ ನೂರು ವರ್ಷ ತಾಮ್ರದ ಗಣಿಗಾರಿಕೆ ನಡೆಯಿತು, ಅದಿರು ಕರಗಿಸುವ ಕುಲುಮೆಗಳು ಉರಿದವು. 1908ರ ದೊಡ್ಡ ಪ್ರವಾಹ ಗಣಿಯ ಕಸವನ್ನು ಹೊತ್ತು ತಂದು ನದಿಯ ಉದ್ದಕ್ಕೂ ಹರಡಿತು. ಅದರಲ್ಲಿ ಬಹಳಷ್ಟು ಅದೇ ವರ್ಷ ಕಟ್ಟಿ ಮುಗಿಸಿದ ಮಿಲ್‌ಟೌನ್ ಅಣೆಕಟ್ಟೆಯ ಹಿಂದೆ ಹೂಳಾಗಿ ಕುಳಿತಿತು. 1981ರಲ್ಲಿ ಅಕ್ಕಪಕ್ಕದ ಬಾವಿಗಳಲ್ಲಿ ಆರ್ಸೆನಿಕ್ ಸಿಕ್ಕಾಗ ಊರು ಬೆಚ್ಚಿತು. 2008ರಲ್ಲಿ ಆ ಅಣೆಕಟ್ಟೆಯನ್ನೇ ಒಡೆದು ತೆಗೆದರು.

ನದಿ ಎಷ್ಟು ಶುದ್ಧವಾಯಿತು ಎಂದು ಹೇಳಬೇಕಾದದ್ದು ಆ ಡಬ್ಬಿಗಳಲ್ಲಿರುವ ಹುಳುಗಳು. ಆದರೆ ಹುಳುವಿನಿಂದ ಸತ್ಯ ಹೊರಡಿಸುವುದು ಅದನ್ನು ಯಂತ್ರದೊಳಗೆ ಇಟ್ಟು ಗುಂಡಿ ಒತ್ತಿದಷ್ಟು ಸುಲಭವಲ್ಲ. ಹಿಡಿದ ಗಳಿಗೆಯಿಂದ ಯಂತ್ರ ತಲುಪುವವರೆಗೆ ಅದಕ್ಕೆ ಏನೇನು ಮಾಡಿದರು ಎಂಬುದರ ಮೇಲೆ ಕೊನೆಯ ಅಂಕಿ ಎರಡು ಪಟ್ಟು ಏರಬಹುದು, ಅರ್ಧಕ್ಕೆ ಇಳಿಯಲೂಬಹುದು.

ನೀರಿಗಿಲ್ಲದ ನೆನಪು

ನೀರನ್ನೇ ಅಳೆಯಬಹುದಲ್ಲ, ಹುಳು ಯಾಕೆ? ಈ ಪ್ರಶ್ನೆ ಸಹಜ. ಬಾಟಲಿಯಲ್ಲಿ ಹಿಡಿದ ನೀರು ಆ ಕ್ಷಣದ ನದಿಯನ್ನಷ್ಟೇ ಹೇಳುತ್ತದೆ. ನಿನ್ನೆ ರಾತ್ರಿ ಕೊಳವೆಯಿಂದ ಹರಿದುಬಿಟ್ಟ ವಿಷ ಬೆಳಿಗ್ಗೆ ಹತ್ತು ಗಂಟೆಯ ಬಾಟಲಿಗೆ ಸಿಗುವುದಿಲ್ಲ. ಹುಳು ಹಾಗಲ್ಲ. ತಿಂಗಳುಗಟ್ಟಲೆ, ಕೆಲವು ಜಾತಿಗಳು ವರ್ಷಗಟ್ಟಲೆ, ಅದೇ ತಳದಲ್ಲಿ ಬದುಕಿ, ಕುಡಿದದ್ದನ್ನೂ ತಿಂದದ್ದನ್ನೂ ಮೈಯಲ್ಲಿ ಕೂಡಿಡುತ್ತದೆ. ಮೀನಿನಂತೆ ದೂರ ಈಜಿ ಹೋಗುವುದಿಲ್ಲವಾದ್ದರಿಂದ ಅದರ ಮೈಯಲ್ಲಿರುವ ಲೆಕ್ಕ ಆ ಜಾಗದ್ದೇ.

ಇನ್ನೊಂದು ಮುಖ್ಯ ಸಂಗತಿ, ಹುಳು ಆಹಾರ. ಅದನ್ನು ಮೀನು ತಿನ್ನುತ್ತದೆ, ಮೀನನ್ನು ಹಕ್ಕಿಯೂ ಮನುಷ್ಯನೂ ತಿನ್ನುತ್ತಾರೆ. 1990ರ ದಶಕದಲ್ಲಿ ಕ್ಲಾರ್ಕ್ ಫೋರ್ಕ್‌ನ ಹುಳುಗಳನ್ನೇ ಟ್ರೌಟ್ ಮೀನಿನ ಮರಿಗಳಿಗೆ ತಿನ್ನಿಸಿ ನೋಡಿದಾಗ ಮರಿಗಳ ಬೆಳವಣಿಗೆ ಕುಂಠಿತವಾಗಿತ್ತು. ನೀರಿನಲ್ಲಿ ಕರಗಿದ ಲೋಹವಷ್ಟೇ ಅಲ್ಲ, ತುತ್ತಿನ ಮೂಲಕ ಬರುವ ಲೋಹವೂ ಮೀನಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೇ ತಿಳಿವಳಿಕೆಯಿಂದ ಇನ್ನೊಂದು ಕೆಲಸ ನಡೆದಿದೆ. ನಮ್ಮಲ್ಲಿ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ಮರಿಗಳು ನೀರಿನಡಿ ಬೆಳೆಯುತ್ತವೆ. ಬೇಟೆಯಾಡಿ ತಿನ್ನುವ ಜೀವಿಗಳಾದ್ದರಿಂದ ಪಾದರಸ ಅವುಗಳಲ್ಲಿ ಬೇಗ ಸೇರುತ್ತದೆ. ಶಾಲಾ ಮಕ್ಕಳು, ಪ್ರವಾಸಿಗರು, ಸ್ವಯಂಸೇವಕರು ಹಿಡಿದು ಕೊಟ್ಟ ಇಂಥ ಸಾವಿರಾರು ಮರಿಗಳ ಪಾದರಸವನ್ನು ವಿಜ್ಞಾನಿಗಳು ಅಳೆದಿದ್ದಾರೆ. ಹಿಡಿಯುವ ಕೆಲಸ ಜನರದ್ದು, ಆದರೆ ಹಿಡಿಯುವ ಕ್ರಮ ಕಟ್ಟುನಿಟ್ಟು. ಕೈಗೆ ಕೈಗವಸು, ಮರಿಗೆ ಶುದ್ಧ ಚೀಲ, ತಕ್ಷಣ ಮಂಜುಗಡ್ಡೆ.

ಹೊಟ್ಟೆಯಲ್ಲಿರುವ ಮಣ್ಣು ಯಾರ ಲೆಕ್ಕಕ್ಕೆ?

ಸೊಪ್ಪನ್ನು ತೊಳೆಯದೆ ತೂಗಿದರೆ ಮಣ್ಣಿಗೂ ಬೆಲೆ ಕೊಟ್ಟಂತೆ. ಹುಳುವಿನ ವಿಚಾರದಲ್ಲಿ ತೊಡಕು ಹೆಚ್ಚು, ಏಕೆಂದರೆ ಮಣ್ಣು ಹೊರಗೂ ಇದೆ, ಒಳಗೂ ಇದೆ. ಹೊರಗಿನದನ್ನು ತೊಳೆಯಬಹುದು. ಕರುಳಿನಲ್ಲಿರುವುದನ್ನು ಏನು ಮಾಡುವುದು?

ಒಂದು ಲೆಕ್ಕ ಹಾಕಿ ನೋಡೋಣ. ಹುಳುವಿನ ಮೈಯಲ್ಲಿ ಒಣ ತೂಕದ ಪ್ರತಿ ಗ್ರಾಂಗೆ 30 ಮೈಕ್ರೋಗ್ರಾಂ ತಾಮ್ರ ಇದೆ ಎಂದಿಟ್ಟುಕೊಳ್ಳಿ. ತಳದ ಹೂಳಿನಲ್ಲಿ ಗ್ರಾಂಗೆ 600 ಮೈಕ್ರೋಗ್ರಾಂ. ಒಣಗಿದ ಹುಳುವಿನ ತೂಕದಲ್ಲಿ ನೂರಕ್ಕೆ ಐದು ಪಾಲು ಮಾತ್ರ ಕರುಳಿನ ಹೂಳು. ಯಂತ್ರ ತೋರಿಸುವ ಅಂಕಿ ಸುಮಾರು 58. ಅಂದರೆ ನಿಜವಾಗಿ ಮೈಗೂಡಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಇಷ್ಟಕ್ಕೂ ಯಾರೂ ತಪ್ಪು ಮಾಡಿಲ್ಲ, ಯಂತ್ರವೂ ಸರಿಯಾಗಿಯೇ ಓದಿದೆ.

ಇದಕ್ಕೆ ಒಂದು ಉಪಾಯ ಉಪವಾಸ. ಹಿಡಿದ ಹುಳುಗಳನ್ನು ಶುದ್ಧ ನೀರಿನಲ್ಲಿ, ತಂಪಾದ ಜಾಗದಲ್ಲಿ, ಒಂದು ಅಥವಾ ಎರಡು ದಿನ ಆಹಾರ ಕೊಡದೆ ಬಿಡುತ್ತಾರೆ. ಕರುಳು ತನ್ನಷ್ಟಕ್ಕೆ ಖಾಲಿಯಾಗುತ್ತದೆ. ಹಾಕಿದ ಹಿಕ್ಕೆಯನ್ನೇ ಮತ್ತೆ ತಿನ್ನದಂತೆ ಆಗಾಗ ನೀರು ಬದಲಿಸಬೇಕು. ಏರೋಪ್ಲೇನ್ ಚಿಟ್ಟೆಯ ಮರಿಗಳಾದರೆ ಒಂದೊಂದನ್ನೂ ಬೇರೆ ಬೇರೆ ಇಡಬೇಕು, ಇಲ್ಲದಿದ್ದರೆ ಒಂದನ್ನೊಂದು ತಿಂದುಬಿಡುತ್ತವೆ.

ಆದರೆ ಉಪವಾಸ ಉದ್ದವಾದರೆ ಇನ್ನೊಂದು ನಷ್ಟ. ಕರುಳಿನ ಮಣ್ಣಿನ ಜೊತೆ, ನಿಜವಾಗಿ ಅಂಗಾಂಶದೊಳಗೆ ಸೇರಿದ್ದ ಲೋಹದಲ್ಲೂ ಒಂದಷ್ಟನ್ನು ಹುಳು ಹೊರಹಾಕತೊಡಗುತ್ತದೆ. ಕೊಬ್ಬು ಕರಗಿ ಮೈತೂಕವೂ ಇಳಿಯುತ್ತದೆ. ಆದ್ದರಿಂದ ಕೆಲವರು ಉಪವಾಸ ಹಾಕುವುದಿಲ್ಲ. ದೊಡ್ಡ ಹುಳುವಾದರೆ ಸೂಕ್ಷ್ಮದರ್ಶಕದಡಿ ಕರುಳನ್ನೇ ಬಿಡಿಸಿ ತೆಗೆಯುತ್ತಾರೆ. ಇನ್ನು ಕೆಲವರು ಹುಳುವಿನಲ್ಲಿ ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಎಷ್ಟಿದೆ ಎಂದೂ ಅಳೆಯುತ್ತಾರೆ. ಇವು ಮಣ್ಣಿನಲ್ಲಿ ಧಾರಾಳ, ಜೀವಿಯ ಮೈಗೆ ಸೇರುವುದು ಅತ್ಯಲ್ಪ. ಹಾಗಾಗಿ ಟೈಟಾನಿಯಂ ಹೆಚ್ಚು ಕಂಡರೆ ಮಣ್ಣು ಬೆರೆತಿದೆ ಎಂದರ್ಥ, ಅಷ್ಟು ಪಾಲನ್ನು ಲೆಕ್ಕದಿಂದ ಕಳೆಯಬಹುದು.

ಕ್ಲಾರ್ಕ್ ಫೋರ್ಕ್‌ನಲ್ಲಿ ಹುಳುಗಳನ್ನು ಹಿಡಿದ ಕೂಡಲೇ ಹೆಪ್ಪುಗಟ್ಟಿಸುವ ಕ್ರಮವಿದೆ. ಇದು ತಪ್ಪೇ? ಖಂಡಿತ ಅಲ್ಲ. ಮೀನು ಹುಳುವನ್ನು ನುಂಗುವಾಗ ಕರುಳನ್ನು ಬಿಡಿಸಿ ಎಸೆಯುವುದಿಲ್ಲ, ಮಣ್ಣಿನ ಸಮೇತ ನುಂಗುತ್ತದೆ. ಮೀನಿಗೆ ಎಷ್ಟು ವಿಷ ಸೇರುತ್ತದೆ ಎಂದು ಕೇಳುವವರಿಗೆ ಇಡೀ ಹುಳುವಿನ ಅಂಕಿಯೇ ಬೇಕು. ಹುಳುವಿನ ಮೈ ಎಷ್ಟು ಹೀರಿತು ಎಂದು ಕೇಳುವವರಿಗೆ ಕರುಳು ಖಾಲಿಯಾದ ಹುಳು ಬೇಕು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಂದು ಪ್ರಶ್ನೆಗೆ ತಯಾರಿಸಿದ ಮಾದರಿಯಿಂದ ಇನ್ನೊಂದರ ಉತ್ತರ ತೆಗೆಯಹೊರಡುವುದು ಮಾತ್ರ ಸಲ್ಲದು.

ಉಕ್ಕಿನ ಚಿಮುಟ ಬೇಡ

ಹುಳುವಿನ ಮಾದರಿ ಎಷ್ಟು ಸಣ್ಣದೆಂದು ಮನಸ್ಸಿಗೆ ತಂದುಕೊಳ್ಳಬೇಕು. ಕೀಟದ ಮೈಯಲ್ಲಿ ಬಹುಪಾಲು ನೀರು. ಒಣಗಿದ ಮೇಲೆ ಒಂದು ಹುಳು ಉಳಿಯುವುದು ಕೆಲವೇ ಮಿಲಿಗ್ರಾಂ. ಆದ್ದರಿಂದ ಒಂದೇ ಜಾತಿಯ, ಒಂದೇ ಅಳತೆಯ ಹಲವು ಹುಳುಗಳನ್ನು ಸೇರಿಸಿ 50 ಮಿಲಿಗ್ರಾಂನಷ್ಟು ಮಾದರಿ ಮಾಡುತ್ತಾರೆ. ಅದರಲ್ಲಿ ಗ್ರಾಂಗೆ ಒಂದು ಮೈಕ್ರೋಗ್ರಾಂ ಕ್ಯಾಡ್ಮಿಯಂ ಇದ್ದರೆ ನಾವು ಹುಡುಕುತ್ತಿರುವುದು ಒಂದು ಗ್ರಾಂನ ಎರಡು ಕೋಟಿಯಲ್ಲಿ ಒಂದು ಪಾಲನ್ನು. ಬೆರಳಿನ ಬೆವರು, ಕಿಟಕಿಯಿಂದ ಬಂದ ಧೂಳು, ಡಬ್ಬಿಯ ಮುಚ್ಚಳದ ಬಣ್ಣ, ಯಾವುದಾದರೂ ಈ ಲೆಕ್ಕವನ್ನು ಕೆಡಿಸಬಲ್ಲದು.

ಸ್ಟೀಲ್ ಚಿಮುಟದಿಂದ ಕ್ರೋಮಿಯಂ, ನಿಕ್ಕಲ್ ಬರುವ ಭಯ. ಅದಕ್ಕೇ ಪ್ಲಾಸ್ಟಿಕ್ ಚಿಮುಟ. ಪೌಡರ್ ಹಚ್ಚಿದ ಕೈಗವಸಿನಲ್ಲಿ ಸತು ಇರುತ್ತದೆ, ಆದ್ದರಿಂದ ಪೌಡರ್ ಇಲ್ಲದ ನೈಟ್ರೈಲ್ ಕೈಗವಸು. ಡಬ್ಬಿಗಳನ್ನು ಸೋಪಿನಿಂದ ತೊಳೆದರೆ ಸಾಲದು, ನೂರಕ್ಕೆ ಹತ್ತು ಪಾಲಿನ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಲವಣವೆಲ್ಲ ಕಳೆದ ಅತಿಶುದ್ಧ ನೀರಿನಲ್ಲಿ ಹಲವು ಸಲ ಜಾಲಿಸಿ, ಧೂಳು ಬೀಳದಂತೆ ಒಣಗಿಸಬೇಕು.

ಕೀಟಶಾಸ್ತ್ರದ ಹಳೆಯ ರೂಢಿಗಳು ಇಲ್ಲಿ ಕೈಕೊಡುತ್ತವೆ. ಹುಳುವನ್ನು ಆಲ್ಕೋಹಾಲ್‌ನಲ್ಲಿ ಇಡುವುದು ಪ್ರತಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಅಭ್ಯಾಸ. ಗುರುತು ಹಿಡಿಯಲು ಅದು ಒಳ್ಳೆಯದೇ. ಲೋಹ ಅಳೆಯಲು ಕೆಟ್ಟದ್ದು, ಏಕೆಂದರೆ ಮೈಯ ಲೋಹ ಸ್ವಲ್ಪಸ್ವಲ್ಪವಾಗಿ ದ್ರವಕ್ಕೆ ಇಳಿಯುತ್ತದೆ. ಹಳೆಯ ವಸ್ತುಸಂಗ್ರಹಾಲಯಗಳ ಮಾದರಿಗಳನ್ನು ಇನ್ನೂ ಎಚ್ಚರದಿಂದ ನೋಡಬೇಕು. ಹುಳ ಹಿಡಿಯದಿರಲೆಂದು ಒಂದು ಕಾಲದಲ್ಲಿ ಸಂಗ್ರಹಗಳಿಗೆ ಆರ್ಸೆನಿಕ್ ಮತ್ತು ಪಾದರಸದ ಲವಣಗಳನ್ನೇ ಬಳಿಯುತ್ತಿದ್ದರು. ಅಂಥ ಪೆಟ್ಟಿಗೆಯ ಚಿಟ್ಟೆಯಲ್ಲಿ ಆರ್ಸೆನಿಕ್ ಸಿಕ್ಕಿತೆಂದು ನೂರು ವರ್ಷದ ಹಿಂದಿನ ಕಾಡನ್ನು ದೂರಲಾಗದು.

ಇಷ್ಟೆಲ್ಲ ಜಾಗ್ರತೆ ವಹಿಸಿದ ಮೇಲೂ ಕೊಳೆ ಸೇರಲಿಲ್ಲ ಎಂಬ ಖಾತ್ರಿ ಏನು? ಅದಕ್ಕೆ ಹುಳುವೇ ಇಲ್ಲದ ಖಾಲಿ ಮಾದರಿಗಳು ಇರುತ್ತವೆ. ಅದೇ ಡಬ್ಬಿ, ಅದೇ ಆಮ್ಲ, ಅದೇ ಕಾವು, ಅದೇ ಕೈ. ಖಾಲಿ ಮಾದರಿಯಲ್ಲಿ ಸೀಸ ಕಂಡರೆ ಅದು ನದಿಯದ್ದಲ್ಲ, ಪ್ರಯೋಗಾಲಯದ್ದು. ಯಾವುದೇ ವರದಿ ಓದುವಾಗ ನಾನು ಮೊದಲು ಹುಡುಕುವುದು ಈ ಖಾಲಿ ಮಾದರಿಯ ಅಂಕಿಯನ್ನು. ಅದನ್ನು ಕೊಡದ ವರದಿಯ ಉಳಿದ ಅಂಕಿಗಳನ್ನು ನಂಬುವುದು ಕಷ್ಟ.

ಒಣಗಿಸಿ, ಅರೆದು, ಕರಗಿಸಿ

ಪ್ರಯೋಗಾಲಯಕ್ಕೆ ಬಂದ ಹುಳುಗಳನ್ನು ಮಂಜು ಕರಗಿದ ಮೇಲೆ ಅತಿಶುದ್ಧ ನೀರಿನಿಂದ ತೊಳೆದು, ಜಾತಿವಾರು ವಿಂಗಡಿಸುತ್ತಾರೆ. ಈ ವಿಂಗಡಣೆಯನ್ನು ಹಗುರವಾಗಿ ಕಾಣಬಾರದು. ಒಂದೇ ಕಲ್ಲಿನಡಿ ಬದುಕುವ ಎರಡು ಜಾತಿಗಳು ಬೇರೆ ಬೇರೆ ಆಹಾರ ತಿನ್ನುತ್ತವೆ, ಲೋಹವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹಿಡಿದಿಡುತ್ತವೆ. ಈ ವರ್ಷ ಒಂದು ಜಾತಿ, ಮುಂದಿನ ವರ್ಷ ಇನ್ನೊಂದು ಜಾತಿ ಅಳೆದು ನದಿ ಸುಧಾರಿಸಿತು ಎನ್ನುವುದು ಸುಳ್ಳು ಸಮಾಧಾನ. ಪೊರೆ ಕಳಚುವ ಹೊತ್ತನ್ನೂ ಗಮನಿಸಬೇಕಾಗುತ್ತದೆ, ಹೊರಚಿಪ್ಪಿಗೆ ಅಂಟಿದ ಲೋಹ ಪೊರೆಯ ಜೊತೆಗೇ ಹೋಗುತ್ತದೆ.

ಮುಂದಿನದು ಒಣಗಿಸುವುದು. ಒದ್ದೆ ಹುಳುವಿನ ತೂಕ ದಿನಕ್ಕೊಂದು ರೀತಿ ಇರುತ್ತದೆ, ಒಣ ತೂಕ ಸ್ಥಿರ. ತಾಮ್ರ, ಸತು, ಕ್ಯಾಡ್ಮಿಯಂಗಳಿಗೆ 60 ಡಿಗ್ರಿ ಸೆಲ್ಸಿಯಸ್‌ನ ಒಲೆ ಸಾಕು. ಪಾದರಸ ಬೇಕಾದರೆ ಕಾವು ಅಪಾಯ, ಅದು ಹಾರಿಹೋಗುವ ಲೋಹ. ಹೆಪ್ಪುಗಟ್ಟಿದ ಸ್ಥಿತಿಯಲ್ಲಿಯೇ, ಗಾಳಿ ಎಳೆದ ಪಾತ್ರೆಯಲ್ಲಿ ನೀರಿನಂಶವನ್ನು ಹೊರತೆಗೆಯುವ ಯಂತ್ರದಿಂದ ಒಣಗಿಸುವುದು ಲೇಸು.

ಒಣ ಹುಳುವನ್ನು ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯುತ್ತಾರೆ. ತಲೆಯಲ್ಲಿ ಒಂದು ಲೋಹ ಹೆಚ್ಚು, ಹೊಟ್ಟೆಯಲ್ಲಿ ಇನ್ನೊಂದು. ನುಣ್ಣಗಾಗದಿದ್ದರೆ ತೆಗೆದ ಒಂದು ಚಿಟಿಕೆ ಇಡೀ ಹುಳುವನ್ನು ಪ್ರತಿನಿಧಿಸುವುದಿಲ್ಲ. ಉಕ್ಕಿನ ಅರೆಯುವ ಯಂತ್ರ ಇಲ್ಲಿಯೂ ಬೇಡ.

ಕರಗಿಸುವ ಹಂತ ಅಪಾಯದ್ದು. ಕೀಟದ ಹೊರಚಿಪ್ಪಿನಲ್ಲಿರುವ ಕೈಟಿನ್ ಗಟ್ಟಿ ವಸ್ತು, ಒಳಗಿನ ಕೊಬ್ಬು ಆಮ್ಲಕ್ಕೆ ಬೇಗ ಮಣಿಯುವುದಿಲ್ಲ. ಪುಡಿಯನ್ನು ಗಾಢ ನೈಟ್ರಿಕ್ ಆಮ್ಲದಲ್ಲಿ ಕಾಯಿಸುತ್ತಾರೆ, ಬೇಕಾದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುತ್ತಾರೆ. ಈಗ ಬಹಳ ಕಡೆ ಬಿಗಿಮುಚ್ಚಳದ ಟೆಫ್ಲಾನ್ ಪಾತ್ರೆಗಳನ್ನು ಮೈಕ್ರೋವೇವ್‌ನಲ್ಲಿಟ್ಟು 180ರಿಂದ 200 ಡಿಗ್ರಿವರೆಗೆ ಕಾಯಿಸುವ ಪದ್ಧತಿಯಿದೆ. ಮುಚ್ಚಿದ ಪಾತ್ರೆಯಾದ್ದರಿಂದ ಹಾರಿಹೋಗುವ ಲೋಹ ಒಳಗೇ ಉಳಿಯುತ್ತದೆ. ಹೊಗೆಗೂಡು, ಮುಖಗವಚ, ಅನುಭವಿಗಳ ಮೇಲ್ವಿಚಾರಣೆ ಇಲ್ಲದೆ ಯಾವ ವಿದ್ಯಾರ್ಥಿಯೂ ಇದಕ್ಕೆ ಕೈಹಾಕಬಾರದು. ಎಲ್ಲ ಸರಿಹೋದರೆ ಹುಳುವಿದ್ದ ಜಾಗದಲ್ಲಿ ತಿಳಿಯಾದ ದ್ರಾವಣ. ತಳದಲ್ಲಿ ಮರಳಿನಂಥ ಕಣ ಉಳಿದರೆ ಅದು ಕರುಳಿನ ಮಣ್ಣಿನದು, ನೈಟ್ರಿಕ್ ಆಮ್ಲಕ್ಕೆ ಸಿಲಿಕಾ ಕರಗುವುದಿಲ್ಲ.

ಯಾವ ಆಮ್ಲ ಎಂಬುದೂ ಮುಖ್ಯ. ಉದಾಹರಣೆಗೆ ಆರ್ಸೆನಿಕ್. ಅದನ್ನು ಅಳೆಯುವ ಐಸಿಪಿ-ಎಂಎಸ್ ಎಂಬ ಯಂತ್ರ, ದ್ರಾವಣವನ್ನು ಸೂರ್ಯನ ಮೇಲ್ಮೈಯಷ್ಟು, ಅದಕ್ಕೂ ಹೆಚ್ಚು ಬಿಸಿಯಾದ ಆರ್ಗಾನ್ ಜ್ವಾಲೆಗೆ ಚಿಮುಕಿಸಿ, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಆರ್ಸೆನಿಕ್‌ನ ತೂಕ 75. ಮಾದರಿಯಲ್ಲಿ ಕ್ಲೋರಿನ್ ಇದ್ದರೆ ಅದು ಜ್ವಾಲೆಯ ಆರ್ಗಾನ್ ಜೊತೆ ಕೂಡಿಕೊಂಡು 75ರ ತೂಕದ ಜೋಡಿಯಾಗುತ್ತದೆ. ಯಂತ್ರ ಅದನ್ನೂ ಆರ್ಸೆನಿಕ್ ಎಂದೇ ಎಣಿಸೀತು. ಹೈಡ್ರೋಕ್ಲೋರಿಕ್ ಆಮ್ಲ ಬಳಸಿದವರು ಇದನ್ನು ತಪ್ಪಿಸುವ ವ್ಯವಸ್ಥೆ ಮಾಡಿಕೊಳ್ಳದಿದ್ದರೆ, ಇಲ್ಲದ ವಿಷ ಕಾಗದದ ಮೇಲೆ ಹುಟ್ಟುತ್ತದೆ.

ಇರುವ ಲೋಹವೆಲ್ಲ ಹೊರಬಂತೇ ಎಂದು ನೋಡಲು, ಲೋಹದ ಪ್ರಮಾಣ ಮೊದಲೇ ಖಚಿತವಾಗಿರುವ ಪ್ರಮಾಣಿತ ಪುಡಿಯನ್ನು ಹುಳುಗಳ ಜೊತೆಗೇ ಕರಗಿಸುತ್ತಾರೆ. ಬಹುಕಾಲ ಕೀಟದ ಪ್ರಮಾಣಿತ ಪುಡಿ ಸುಲಭವಾಗಿ ಸಿಗದೆ, ಕೆನಡಾದಲ್ಲಿ ತಯಾರಾದ ಸಿಗಡಿ ಜಾತಿಯ ಲಾಬ್‌ಸ್ಟರ್‌ನ ಪುಡಿಯನ್ನೋ, ದನದ ಪಿತ್ತಜನಕಾಂಗದ ಪುಡಿಯನ್ನೋ ಬಳಸಿದ್ದಾರೆ.

ತೊಳೆಯಬಾರದ ಹೆಜ್ಜೇನು

ಇಷ್ಟು ಹೊತ್ತು ತೊಳೆಯುವ ಮಾತಾಡಿದೆವು. ತೊಳೆದರೆ ಉತ್ತರವೇ ಅಳಿಸಿಹೋಗುವ ಸಂದರ್ಭವೂ ಇದೆ, ಅದು ನಮ್ಮ ಬೆಂಗಳೂರಿನದೇ.

ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಗೀತಾ ತಿಮ್ಮೇಗೌಡ, ಶಾನನ್ ಓಲ್ಸನ್ ಮತ್ತು ಸಂಗಡಿಗರು ನಗರದಲ್ಲಿ ಗಾಳಿಯ ಮಾಲಿನ್ಯ ಬೇರೆ ಬೇರೆ ಮಟ್ಟದಲ್ಲಿರುವ ಜಾಗಗಳಿಂದ 1,800ಕ್ಕೂ ಹೆಚ್ಚು ಹೆಜ್ಜೇನುಗಳನ್ನು ಹಿಡಿದು ಪರೀಕ್ಷಿಸಿದರು. 2020ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಹೆಚ್ಚು ಮಾಲಿನ್ಯದ ಜಾಗಗಳಿಂದ ತಂದ ಜೇನುಗಳ ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಸೀಸ, ಆರ್ಸೆನಿಕ್ ಮೊದಲಾದ ಲೋಹಗಳಿರುವ ಕಣಗಳು ಅಂಟಿಕೊಂಡಿದ್ದವು. ಅಂಥ ಜಾಗಗಳಿಂದ ತಂದ ಜೇನುಗಳಲ್ಲಿ ಶೇ 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು.

ಇಲ್ಲಿ ಮೈಮೇಲಿನ ಧೂಳೇ ಪುರಾವೆ. ನದಿಯ ಹುಳುವಿನಂತೆ ತೊಳೆದಿದ್ದರೆ ನಗರದ ಗಾಳಿ ಹೇಳಿದ್ದೆಲ್ಲ ತೊಟ್ಟಿಗೆ ಹರಿದುಹೋಗುತ್ತಿತ್ತು. ಹೆಜ್ಜೇನಿನ ಮೈತುಂಬ ರೋಮ, ಪರಾಗ ಹಿಡಿಯಲೆಂದೇ ಇರುವಂಥದ್ದು. ಬಸ್ಸಿನ ಹೊಗೆಯ ಕಣವನ್ನೂ ಆ ರೋಮಗಳು ಬಿಡುವುದಿಲ್ಲ. ಮೈಮೇಲಿನದು ಎಷ್ಟು, ಒಳಗಿನದು ಎಷ್ಟು ಎಂದು ಎರಡನ್ನೂ ತಿಳಿಯಬೇಕಾದರೆ ಒಂದೇ ಗೂಡಿನ ಜೇನುಗಳನ್ನು ಎರಡು ಪಾಲು ಮಾಡಿ, ಒಂದನ್ನು ತೊಳೆದು ಇನ್ನೊಂದನ್ನು ತೊಳೆಯದೆ ಅಳೆಯುವುದುಂಟು. ತೊಳೆದ ನೀರನ್ನೂ ಚೆಲ್ಲದೆ ಪರೀಕ್ಷೆಗೆ ಕಳಿಸಬೇಕು.

ಹಾಗೆಂದು ಕೀಟದಲ್ಲಿ ಸಿಕ್ಕ ಲೋಹವೆಲ್ಲ ಮಾಲಿನ್ಯವೂ ಅಲ್ಲ. ಇರುವೆ ಮತ್ತು ಕೆಲವು ಗೆದ್ದಲುಗಳ ದವಡೆಯ ಅಂಚು ಸಹಜವಾಗಿಯೇ ಸತು ಸೇರಿ ಗಟ್ಟಿಯಾಗಿರುತ್ತದೆ. ತಾಮ್ರ, ಸತು, ಕಬ್ಬಿಣ ಜೀವಕ್ಕೆ ಬೇಕು. ಸೀಸ, ಕ್ಯಾಡ್ಮಿಯಂ, ಪಾದರಸ ಕೀಟಕ್ಕೂ ಬೇಡ, ನಮಗೂ ಬೇಡ. ಅದಕ್ಕೇ ಮಾಲಿನ್ಯವಿಲ್ಲದ ಹೊಳೆಯಿಂದ ಅದೇ ಜಾತಿಯ ಹುಳುವನ್ನು ತಂದು ಪಕ್ಕದಲ್ಲಿಟ್ಟು ಹೋಲಿಸದೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ನಮ್ಮ ಕೆರೆಗಳ ಕೆಂಪು ಹುಳುಗಳು

ಕರ್ನಾಟಕದ ಕೆರೆಗಳ ನೀರು ಯಾವ ದರ್ಜೆಯದೆಂದು ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿ ಪ್ರಕಟಿಸುತ್ತದೆ. ಅದು ಬೇಕು. ಆದರೆ ಅದು ಬಾಟಲಿಯ ನೀರಿನ ಲೆಕ್ಕ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ವೃಷಭಾವತಿ ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಸೇರುತ್ತದೆ. ಆ ದಾರಿಯಲ್ಲಿ ಹೊಲ, ತರಕಾರಿ ತೋಟ, ಹಸು, ಮೀನು, ಮನುಷ್ಯರು ಇದ್ದಾರೆ.

ಇಂಥ ನೀರಿನ ಕೆಸರಿನಲ್ಲೂ ಬದುಕುವ ಕೀಟ ಒಂದಿದೆ. ಕೆರೆ ದಂಡೆಯ ದೀಪಕ್ಕೆ ಮುತ್ತುವ, ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೊಮಿಡ್ ಎಂಬ ನೊಣದ ಮರಿ. ಆಮ್ಲಜನಕ ಕಡಿಮೆಯಿದ್ದಲ್ಲೂ ಬದುಕಲು ಅದರಲ್ಲಿ ಹಿಮೋಗ್ಲೋಬಿನ್ ಇದೆ, ಆದ್ದರಿಂದಲೇ ಮೈ ಕೆಂಪು. ಕಲುಷಿತ ಕೆಸರಿನಲ್ಲಿ ಬೆಳೆದ ಮರಿಗಳ ಬಾಯಿಯ ಹಲ್ಲುಗಳು ವಿಕಾರಗೊಳ್ಳುವುದನ್ನು ವಿಜ್ಞಾನಿಗಳು ಐವತ್ತು ವರ್ಷಗಳಿಂದ ಗುರುತಿಸುತ್ತ ಬಂದಿದ್ದಾರೆ.

ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನ ಕಲಿಸುವ ನಮ್ಮ ಕಾಲೇಜುಗಳಲ್ಲಿ ಒಂದೊಂದು ಒಂದೊಂದು ಕೆರೆಯನ್ನು ಹಿಡಿದರೆ ಸಾಕು. ಪ್ರತಿ ವರ್ಷ ಅದೇ ತಿಂಗಳು, ಅದೇ ಜಾಗ, ಅದೇ ಹುಳು. ಹಿಡಿದದ್ದು ಹೇಗೆ, ಉಪವಾಸ ಹಾಕಿದರೋ ಇಲ್ಲವೋ, ಯಾವ ನೀರಿನಲ್ಲಿ ತೊಳೆದರು, ಎಷ್ಟು ಕಾವಿನಲ್ಲಿ ಒಣಗಿಸಿದರು, ಖಾಲಿ ಮಾದರಿ ಎಷ್ಟು ತೋರಿಸಿತು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಹುಳು ಹಿಡಿಯಲು, ವಿಂಗಡಿಸಲು, ಹೆಪ್ಪುಗಟ್ಟಿಸಿ ಇಡಲು ದುಬಾರಿ ಯಂತ್ರ ಬೇಕಿಲ್ಲ. ಅಳೆಯುವ ಯಂತ್ರ ಇರುವ ಸಂಸ್ಥೆಗಳು ನಮ್ಮ ರಾಜ್ಯದಲ್ಲೇ ಇವೆ. ಮಿಕ್ಕ ಹುಳುಗಳ ಒಂದು ಪಾಲನ್ನು ಹೆಪ್ಪುಗಟ್ಟಿಸಿ ಉಳಿಸಿದರೆ ಮುಂದೆ ಬರುವವರು ತಮ್ಮ ಪ್ರಶ್ನೆಗೆ ತಕ್ಕಂತೆ ಅದನ್ನು ಮತ್ತೆ ಅಳೆಯಬಹುದು.

ಓದುಗರಲ್ಲೂ ಒಂದು ಕೋರಿಕೆ. ಕೆರೆಯ ಮೀನಿನಲ್ಲಿ, ಸೊಪ್ಪಿನಲ್ಲಿ, ಜೇನಿನಲ್ಲಿ ಇಷ್ಟು ಸೀಸ ಪತ್ತೆ ಎಂಬ ಸುದ್ದಿ ಕಂಡಾಗ ಹೆದರುವ ಮೊದಲು, ಹಾಗೆಯೇ ಇಲ್ಲವೇ ಇಲ್ಲ ಎಂಬ ಪ್ರಕಟಣೆ ಕಂಡಾಗ ನಿಶ್ಚಿಂತರಾಗುವ ಮೊದಲು, ಮಾದರಿಯನ್ನು ಹೇಗೆ ತಯಾರಿಸಿದರು ಎಂದು ಸಂಬಂಧಪಟ್ಟವರನ್ನು ಕೇಳಿ. ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಅದನ್ನು ಕೇಳಬಹುದು.